ಅಸಿಮೋವ್ ಬರೆದಿದ್ದು ಕಥೆನಾ, ಮೀಟಿಂಗ್ ಮಿನಿಟ್ಸಾ? ಹಳೇ ಸೈನ್ಸ್ ಫಿಕ್ಷನ್ ಶೈಲಿ ಬಗ್ಗೆ ಒಂದು ಡೌಟು

ಓದುಬಾಕ27

ಒಂದು ವರ್ಷದಿಂದ ಹಳೇ ಸೈನ್ಸ್ ಫಿಕ್ಷನ್ ಒಂದಾದ ಮೇಲೊಂದು ಓದ್ತಾ ಬರ್ತಿದೀನಿ. ಶುರು ಮಾಡಿದ್ದು ಅಸಿಮೋವ್‌ನ ಫೌಂಡೇಶನ್‌ನಿಂದ. ಐಡಿಯಾ ಏನೋ ತಲೆ ತಿರುಗಿಸೋ ಅಂಥದ್ದು, 12,000 ವರ್ಷದ ಸಾಮ್ರಾಜ್ಯ ಬಿದ್ದೋಗುತ್ತೆ ಅಂತ ಒಬ್ಬ ಗಣಿತದವನು ಲೆಕ್ಕ ಹಾಕಿ ಹೇಳ್ತಾನೆ, ಆಮೇಲೆ ಬರೋ 30,000 ವರ್ಷದ ಕತ್ತಲನ್ನ 1,000 ವರ್ಷಕ್ಕೆ ಇಳಿಸೋಕೆ ಪ್ಲಾನ್ ಮಾಡ್ತಾನೆ. ಆದ್ರೆ ಪುಸ್ತಕದ ತುಂಬಾ ನಡೆಯೋದೇನು ಅಂದ್ರೆ ಇಬ್ಬರು ಒಂದು ರೂಮಲ್ಲಿ ಕೂತು ಮಾತಾಡ್ತಾರೆ, ಒಬ್ಬ ಸಿಗಾರ್ ಹಚ್ಕೋತಾನೆ, ಇನ್ನೊಬ್ಬ ನಗ್ತಾನೆ, ಅಧ್ಯಾಯ ಮುಗೀತು. ಮುಂದೆ ಬೇರೆ ಇಬ್ಬರು ಬೇರೆ ರೂಮಲ್ಲಿ ಕೂತು ಹಿಂದಿನ ಗಲಾಟೆ ಹೇಗೆ ಬಗೆಹರೀತು ಅಂತ ಮಾತಾಡ್ತಾರೆ. ಗ್ಯಾಲಕ್ಸಿ ಪೂರ್ತಿ ಇದೆ, ಕಿಟಕಿ ತೆಗೆದು ನೋಡೋರು ಯಾರೂ ಇಲ್ಲ!

ಆಮೇಲೆ ಬ್ರಾಡ್‌ಬರಿಯ ಮಾರ್ಶಿಯನ್ ಕ್ರಾನಿಕಲ್ಸ್ ಎತ್ಕೊಂಡೆ, ಅದು ಪೂರ್ತಿ ಉಲ್ಟಾ. ಸೈನ್ಸ್ ಅನ್ನೋದು ಹೆಸರಿಗೆ ಅಷ್ಟೇ, ಮಂಗಳದಲ್ಲಿ ಆರಾಮಾಗಿ ಉಸಿರಾಡ್ತಾರೆ, ಆದ್ರೆ ಒಂದೊಂದು ಪ್ಯಾರಾ ಎರಡೆರಡು ಸಲ ಓದೋ ಹಾಗಿದೆ. ಈಗ ಕ್ಲಾರ್ಕ್‌ನ ರಾಂಡೆವೂ ವಿತ್ ರಾಮ (ರಾಮ ಅನ್ನೋದು ಅದರಲ್ಲಿ ಬರೋ ಅನ್ಯಲೋಕದ ಹಡಗಿನ ಹೆಸರು) ಅರ್ಧಕ್ಕೆ ಬಂದಿದೀನಿ, ಅದು ಯಾರೋ ಒಳ್ಳೆ ಇಂಜಿನಿಯರ್ ಬರೆದ ಪ್ರವಾಸಕಥನ ಓದಿದ ಹಾಗಿದೆ.

ಡೌಟ್ ಇಷ್ಟೇ. ಇವರದ್ದೆಲ್ಲ ನಿಜವಾಗ್ಲೂ ಬೇಕಂತ ಆರಿಸಿಕೊಂಡ ಶೈಲಿನಾ, ಇಲ್ಲ ಬರೋದೇ ಅಷ್ಟಾ? ನನ್ನ ಫ್ರೆಂಡ್ ಒಬ್ಬ ಸೈನ್ಸ್ ಫಿಕ್ಷನ್‌ನ ಯಾರಾದ್ರೂ ಭಾಷೆಗೋಸ್ಕರ ಓದ್ತಾರಾ, ಐಡಿಯಾ ತಗೊಂಡು ಮುಂದೆ ಹೋಗು ಅಂತಾನೆ. ನಂಗೆ ಆ ಮಾತು ಸರಿ ಅನ್ಸಲ್ಲ, ಆದ್ರೆ ಯಾಕೆ ಅಂತ ಹೇಳೋಕೂ ಬರ್ತಿಲ್ಲ. ತುಂಬಾ ಓದಿರೋರು ಹೇಳಿ, ಇವರನ್ನ ಹೋಲಿಸಿ ನೋಡುವಾಗ ಏನನ್ನ ಗಮನಿಸಬೇಕು?

ಚುಕ್ಕಿಲೆಕ್ಕ

ಅಸಿಮೋವ್ ಪರವಾಗಿ ನಾನು ಬಂದೆ 😀

ಮೊದಲನೇದು, ಅವನಿಗೆ ಈ ಕಂಪ್ಲೇಂಟ್ ಹೊಸದಲ್ಲ, ಬದುಕಿದ್ದಾಗಲೇ ಕೇಳಿ ಕೇಳಿ ಉತ್ತರಾನೂ ಬರೆದಿಟ್ಟಿದಾನೆ. ಬರವಣಿಗೆಯಲ್ಲಿ ಎರಡು ಥರದ ಗಾಜು ಅಂತಾನೆ, ಒಂದು ಚರ್ಚ್ ಕಿಟಕಿಯ ಬಣ್ಣದ ಗಾಜು, ನೋಡೋಕೆ ಚಂದ, ಆದ್ರೆ ಅದರಾಚೆ ಏನಿದೆ ಅಂತ ಕಾಣಲ್ಲ. ಇನ್ನೊಂದು ಸಾದಾ ಗಾಜು, ಗಾಜು ಇದೆ ಅಂತಲೇ ಗೊತ್ತಾಗಬಾರದು, ಆಚೆ ನಡೀತಿರೋದು ಮಾತ್ರ ಕಾಣ್ಬೇಕು. ಅವನು ಬರೆಯೋಕೆ ಹೊರಟಿದ್ದು ಎರಡನೇದನ್ನ. ಬಣ್ಣದ ಗಾಜು ಮಾಡೋದನ್ನ ಜನ ತುಂಬಾ ಹಿಂದೆಯೇ ಕಲಿತಿದ್ರು, ಕಲೆಯಿಲ್ಲದ ಸ್ವಚ್ಛ ಗಾಜು ಮಾಡೋಕೆ ಬಂದಿದ್ದು ಎಷ್ಟೋ ಕಾಲದ ಮೇಲೆ, ಯಾವುದು ಕಷ್ಟ ನೀವೇ ಹೇಳಿ ಅನ್ನೋ ಧಾಟಿ. ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು, ಆದ್ರೆ "ಬರೋದೇ ಅಷ್ಟು" ಅನ್ನೋದು ತಪ್ಪು.

ಎರಡನೇದು, ಬೇರೆ ಥರ ಬರೆಯೋಕೆ ಬರ್ತಿತ್ತಾ ಅಂದ್ರೆ ಬರ್ತಿತ್ತು. 1972ರ ದ ಗಾಡ್ಸ್ ದೆಮ್‌ಸೆಲ್ವ್ಸ್ ಓದಿ. ಮಧ್ಯದ ಭಾಗ ಪೂರ್ತಿ ಮೂರು ಲಿಂಗಗಳಿರೋ ಅನ್ಯಲೋಕದ ಜೀವಿಗಳದ್ದು, ಒಬ್ಬ ಮನುಷ್ಯನೂ ಇಲ್ಲ, ಆ ಜೀವಿಗಳು ಕರಗಿ ಒಂದರಲ್ಲೊಂದು ಸೇರೋದನ್ನ ಬರೆದಿರೋ ರೀತಿ ನೋಡಿದ್ರೆ ಸಿಗಾರ್ ಹಚ್ಚಿಸ್ತಿದ್ದ ಮನುಷ್ಯ ಇವನೇನಾ ಅನ್ಸುತ್ತೆ. ಆ ಪುಸ್ತಕಕ್ಕೆ ಸೈನ್ಸ್ ಫಿಕ್ಷನ್‌ನ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಎರಡೂ ಬಂತು.

ಇನ್ನೊಂದು ತಮಾಷೆ. 1941ರ ನೈಟ್‌ಫಾಲ್ ಗೊತ್ತಲ್ಲ, ಆರು ಸೂರ್ಯ ಇರೋ ಗ್ರಹ, 2,049 ವರ್ಷಕ್ಕೊಮ್ಮೆ ಕತ್ತಲು. ಅದರ ಕೊನೆಯಲ್ಲಿ ನಕ್ಷತ್ರಗಳು ಕಾಣಿಸಿಕೊಳ್ಳೋ ಜಾಗದಲ್ಲಿ ಭೂಮಿಯ ಆಕಾಶಕ್ಕೆ ಹೋಲಿಸೋ ಒಂದು ಭರ್ಜರಿ ಪ್ಯಾರಾ ಇದೆ. ಅದು ಅಸಿಮೋವ್ ಬರೆದಿದ್ದೇ ಅಲ್ಲ! ಎಡಿಟರ್ ಜಾನ್ ಕ್ಯಾಂಪ್‌ಬೆಲ್ ಸೇರಿಸಿದ್ದು. ಅಸಿಮೋವ್‌ಗೆ ಅದು ಹಿಡಿಸಲೇ ಇಲ್ಲ, ಯಾಕಂದ್ರೆ ಕಥೆಯಲ್ಲಿ ಬೇರೆಲ್ಲೂ ಭೂಮಿಯ ಸುದ್ದಿನೇ ಇಲ್ಲ, ಆ ಗ್ರಹದವರಿಗೆ ಭೂಮಿ ಅಂದ್ರೆ ಏನು ಅಂತಲೇ ಗೊತ್ತಿಲ್ಲ. ಒಂದು ಚಂದದ ಪ್ಯಾರಾಗಿಂತ ಕಥೆ ಒಳಗಿನ ಲಾಜಿಕ್ ಅವನಿಗೆ ದೊಡ್ಡದಾಗಿತ್ತು. ಅವನ ಶೈಲಿ ಅಂದ್ರೆ ಅದೇ ನನ್ನ ಪ್ರಕಾರ.

ಸಂಜೆಮೋಡ

ಅಷ್ಟೆಲ್ಲ ಏನಿಲ್ಲ ಸಾರ್, ಆಗ ಪಲ್ಪ್ ಮ್ಯಾಗಝೀನ್‌ಗಳು (ಅಗ್ಗದ ಕಾಗದದ ಕಥೆ ಪತ್ರಿಕೆಗಳು) ಪದಕ್ಕೆ ಒಂದು ಸೆಂಟ್ ಕೊಡ್ತಿದ್ವು, ಬೇಗ ಬೇಗ ಗೀಚಿ ಕಳಿಸ್ತಿದ್ರು, ಅದಕ್ಕೆ ಒಣ ಒಣ. ಈಗ ಅದಕ್ಕೆ ಶೈಲಿ ಅಂತ ಹೆಸರಿಟ್ಟಿದೀವಿ.

ಚುಕ್ಕಿಲೆಕ್ಕ

@ಸಂಜೆಮೋಡ ರೇಟ್ ಸರಿ, ಅಸಿಮೋವ್‌ನ ಮೊದಲ ಕಥೆ 1939ರಲ್ಲಿ ಬಂದಾಗ 6,400 ಪದಕ್ಕೆ 64 ಡಾಲರ್ ಸಿಕ್ಕಿತ್ತು. ಆದ್ರೆ ನಿಮ್ಮ ಲೆಕ್ಕ ಉಲ್ಟಾ ಆಯ್ತಲ್ಲ, ಪದಕ್ಕಿಷ್ಟು ಅಂದ್ರೆ ಎಳೆದೂ ಎಳೆದೂ ಬರೀಬೇಕಿತ್ತು, ಸೂರ್ಯೋದಯಕ್ಕೇ ಎರಡು ಪುಟ ತಗೋಬಹುದಿತ್ತು. ಇವನು ಕಡ್ಡಿ ಮುರಿದ ಹಾಗೆ ಬರೆದು ದುಡ್ಡು ಕಳ್ಕೊಂಡ ಅಂತ ಹೇಳ್ಬೇಕು.

ಹಳೇಪೇಪರ್‌ಬ್ಯಾಕ್

ನಾನು ಇವರನ್ನ ಹೋಲಿಸೋಕೆ ಒಂದು ಸಣ್ಣ ಆಟ ಇಟ್ಕೊಂಡಿದೀನಿ, ಒಂದು ಬಾಗಿಲು ತಗೊಳ್ಳಿ. ಭವಿಷ್ಯದ ಯಾವುದೋ ಊರು, ಒಬ್ಬ ಮನುಷ್ಯ ಬಾಗಿಲು ದಾಟಿ ಒಳಗೆ ಹೋಗ್ಬೇಕು. ಯಾರ್ಯಾರು ಹೇಗೆ ಬರೀತಾರೆ?

ಹೈನ್‌ಲೈನ್‌ದು ಊಹೆ ಮಾಡೋದೇ ಬೇಡ, 1942ರ ಬಿಯಾಂಡ್ ದಿಸ್ ಹೊರೈಝನ್‌ನಲ್ಲಿ ಬರೆದಿಟ್ಟಿದಾನೆ: "ದ ಡೋರ್ ಡೈಲೇಟೆಡ್". ಮೂರೇ ಪದ. ಕಣ್ಣಿನ ಪಾಪೆ ಅಗಲ ಆಗುತ್ತಲ್ಲ, ಹಾಗೆ ಬಾಗಿಲು ತೆರೀತು ಅಂತ. ಹೇಗೆ ಕೆಲಸ ಮಾಡುತ್ತೆ, ಯಾರು ಕಂಡುಹಿಡಿದ್ರು, ಒಂದು ಮಾತೂ ಇಲ್ಲ, ಪಾತ್ರಕ್ಕೆ ಅದು ದಿನಾ ನೋಡೋ ಬಾಗಿಲು, ಅವನು ಯಾಕೆ ಆಶ್ಚರ್ಯ ಪಡ್ತಾನೆ? ಓದುಗ ಮಾತ್ರ ಒಂದು ಕ್ಷಣ ತಡವರಿಸಿ ಓಹ್, ಇದು ನಮ್ಮ ಪ್ರಪಂಚ ಅಲ್ಲ ಅಂದ್ಕೋತಾನೆ. ಅದಕ್ಕೂ ಹಿಂದಿನ ಕಥೆಗಳಲ್ಲಿ ಒಬ್ಬ ಪ್ರೊಫೆಸರ್ ನಿಂತು "ನಿನಗೆ ಗೊತ್ತಿರೋ ಹಾಗೆ, ಈ ಬಾಗಿಲು..." ಅಂತ ಒಂದು ಪುಟ ಪಾಠ ಮಾಡ್ತಿದ್ದ, ಗೊತ್ತಿರೋನಿಗೆ ಯಾಕಪ್ಪಾ ಹೇಳ್ತೀಯ ಅಂತ ಕೇಳೋರಿಲ್ಲ. ಮುಂದಿನ ಶತಮಾನದವರು ತಮ್ಮ ಕಾಲದ ಮ್ಯಾಗಝೀನ್‌ನಲ್ಲಿ ಮಾಮೂಲಿ ಕಥೆ ಅಂತ ಓದೋ ಹಾಗಿರಬೇಕು ಅನ್ನೋದು ಕ್ಯಾಂಪ್‌ಬೆಲ್ ಬೇಡಿಕೆ ಆಗಿತ್ತು, ಅದನ್ನ ಎಲ್ಲರಿಗಿಂತ ಚೆನ್ನಾಗಿ ಹಿಡಿದಿದ್ದು ಹೈನ್‌ಲೈನ್. (ಕೊನೆಕೊನೆಗೆ ಅವನೇ ಪ್ರೊಫೆಸರ್ ಆಗಿ ನೂರಾರು ಪುಟ ಪಾಠ ಮಾಡಿದ, ಆ ಮಾತು ಬೇರೆ.)

ಫಿಲಿಪ್ ಕೆ. ಡಿಕ್‌ದೂ ಊಹೆ ಬೇಡ. 1969ರ ಯುಬಿಕ್‌ನಲ್ಲಿ ಬಾಗಿಲು ಬಾಯಿ ಬಿಟ್ಟು ಕೇಳುತ್ತೆ, ಐದು ಸೆಂಟ್ ಹಾಕು, ಆಮೇಲೆ ತೆರೀತೀನಿ ಅಂತ. ಕಥಾನಾಯಕ ಜೋ ಚಿಪ್ ಜೇಬಲ್ಲಿ ಕಾಸಿಲ್ಲ. ನಾನು ಕೊಡೋದು ಟಿಪ್ಸು, ಕೊಡ್ಲೇಬೇಕು ಅಂತೇನಿಲ್ಲ ಅಂತಾನೆ, ಬಾಗಿಲು ಮನೆ ತಗೊಂಡಾಗ ಸೈನ್ ಮಾಡಿದ ಕಾಂಟ್ರಾಕ್ಟ್ ತೆಗೆದು ನೋಡು ಅನ್ನುತ್ತೆ. ಅವನು ಚಾಕು ತಗೊಂಡು ಸ್ಕ್ರೂ ಬಿಚ್ಚೋಕೆ ಕೂತ್ರೆ ಕೇಸ್ ಹಾಕ್ತೀನಿ ಅಂತ ಹೆದರಿಸುತ್ತೆ! ವಾಕ್ಯಗಳು ಏನೂ ವಿಶೇಷ ಇಲ್ಲ, ಅವಸರದಲ್ಲಿ ಟೈಪ್ ಮಾಡಿದ ಹಾಗೇ ಇರುತ್ತೆ, ಒಂದೊಂದು ಕಡೆ ಸೊಟ್ಟಪಟ್ಟ. ಆದ್ರೆ ಮನುಷ್ಯ ತನ್ನ ಮನೆಯೊಳಗೇ ಸಾಲಗಾರನ ಥರ ಇರೋ ಆ ಕಿರಿಕಿರಿ ಇದೆಯಲ್ಲ, ಚಂದದ ವಾಕ್ಯ ಬರೆಯೋರಿಗೆ ಅದು ಸಿಗಲ್ಲ.

ಉಳಿದೋರದ್ದು ನನ್ನ ಊಹೆ. ಅಸಿಮೋವ್ ಬಾಗಿಲನ್ನೇ ಬರೆಯಲ್ಲ, ಅವನ ಕಥೆ ಶುರುವಾಗೋ ಹೊತ್ತಿಗೆ ಇಬ್ಬರೂ ಒಳಗೆ ಕೂತಾಗಿದೆ. ಕ್ಲಾರ್ಕ್ ಆದ್ರೆ ಬಾಗಿಲು ಎಷ್ಟು ಅಗಲ, ಯಾವ ಕಡೆ ತಿರುಗುತ್ತೆ, ಒಂದು ಕೆಟ್ರೆ ಇರಲಿ ಅಂತ ಹಿಂದೆ ಇನ್ನೊಂದು ಇದೆಯಾ, ಎಲ್ಲ ಹೇಳ್ತಾನೆ (ಓದುಬಾಕ27 ಈಗ ರಾಮ ಓದ್ತಿರೋದ್ರಿಂದ ಹಡಗಿನೊಳಗಿನ ಗಾಳಿ ಹೊರಗೆ ಹೋಗದ ಹಾಗೆ ತಡೆಯೋ ಆ ಏರ್‌ಲಾಕ್ ಬಾಗಿಲುಗಳು ಗೊತ್ತಿರುತ್ತೆ, ಮೂರು ಮೂರು ಸೆಟ್), ಹೇಳಿ ಕೊನೆಗೆ ಬಾಗಿಲು ಮಾಡಿದವರು ಯಾರು ಅಂತ ಮಾತ್ರ ಹೇಳಲ್ಲ. ಬ್ರಾಡ್‌ಬರಿ ಬಾಗಿಲು ಮುದುಕನ ಥರ ನಿಟ್ಟುಸಿರು ಬಿಡುತ್ತೆ. ಲೆ ಗ್ವಿನ್ ಆದ್ರೆ ಈ ಜನಕ್ಕೆ ಬಾಗಿಲು ಅಂತ ಪದ ಇದೆಯಾ, ಇದ್ರೆ ಬೀಗ ಅಂತ ಪದ ಇದೆಯಾ ಅಂತ ಕೇಳ್ತಾರೆ. ಪೋಲೆಂಡಿನ ಲೆಮ್ ಬಾಗಿಲ ಮುಂದೆ ಒಂದು ಲೈಬ್ರರಿ ಕಟ್ತಾನೆ, ಅದರಲ್ಲಿ ನೂರು ವರ್ಷದ ಬಾಗಿಲುಶಾಸ್ತ್ರ, ಪರ ವಿರೋಧ ಎರಡು ಪಂಥ, ಬಾಗಿಲು ಮಾತ್ರ ಯಾರಿಂದಲೂ ತೆರೆಯಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಂದ್ರೆ, ವಾಕ್ಯ ಎಷ್ಟು ಚಂದ ಅಂತ ನೋಡ್ಬೇಡಿ, ಏನನ್ನ ವಿವರಿಸ್ತಾರೆ, ಏನನ್ನ ವಿವರಿಸದೆ ಬಿಡ್ತಾರೆ ಅಂತ ನೋಡಿ. ಬೇರೆ ಕಥೆಗಾರನಿಗೆ ಈ ತಲೆನೋವಿಲ್ಲ, ರೈಲು ಅಂದ್ರೆ ಎಲ್ಲರಿಗೂ ಗೊತ್ತು. ಇಲ್ಲದ ಪ್ರಪಂಚ ಕಟ್ಟೋನು ಪ್ರತಿ ಪುಟದಲ್ಲೂ ಇದನ್ನ ಹೇಳ್ಲಾ ಬೇಡ್ವಾ ಅಂತ ತೀರ್ಮಾನ ಮಾಡ್ಲೇಬೇಕು.

ಗುರುತ್ವ_ಶೂನ್ಯ

ಬ್ರಾಡ್‌ಬರಿ ಓವರ್‌ರೇಟೆಡ್. ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ. ಅಷ್ಟೇ ನನ್ನ ಕಾಮೆಂಟು.

ಸಂಜೆಮೋಡ

@ಗುರುತ್ವ_ಶೂನ್ಯ ಇದಕ್ಕೆ ಮಾತ್ರ ಸುಮ್ನಿರೋಕಾಗಲ್ಲ ನಂಗೆ. ದೇರ್ ವಿಲ್ ಕಮ್ ಸಾಫ್ಟ್ ರೇನ್ಸ್ ಓದಿದೀರಾ? ಒಂದು ಆಟೋಮ್ಯಾಟಿಕ್ ಮನೆ, ಬೆಳಿಗ್ಗೆ ಎದ್ದೇಳಿ ಅಂತ ಕೂಗುತ್ತೆ, ತಿಂಡಿ ಮಾಡುತ್ತೆ, ಇವತ್ತು ಯಾವ ಬಿಲ್ ಕಟ್ಬೇಕು ಅಂತ ನೆನಪಿಸುತ್ತೆ, ಮನೇಲಿ ಯಾರೂ ಇಲ್ಲ. ಹೊರಗೆ ಗೋಡೆ ಪೂರ್ತಿ ಸುಟ್ಟು ಕಪ್ಪಾಗಿದೆ, ಐದು ಕಡೆ ಮಾತ್ರ ಬಣ್ಣ ಉಳಿದಿದೆ, ಹುಲ್ಲು ಕತ್ತರಿಸ್ತಿದ್ದ ಗಂಡಸಿನ ಆಕಾರ, ಹೂ ಕೀಳೋಕೆ ಬಗ್ಗಿದ್ದ ಹೆಂಗಸಿನ ಆಕಾರ, ಕೈ ಮೇಲೆತ್ತಿದ ಹುಡುಗ, ಮೇಲೆ ಗಾಳಿಯಲ್ಲಿ ಚೆಂಡು, ಅದನ್ನ ಹಿಡಿಯೋಕೆ ಕೈ ಚಾಚಿದ ಹುಡುಗಿ. ಅಣುಬಾಂಬ್ ಬಿತ್ತು ಅಂತ ಎಲ್ಲೂ ಕೂಗಾಡಲ್ಲ, ಯುದ್ಧ ಯಾರ್ಯಾರಿಗೆ, ಯಾಕೆ, ಏನೂ ಇಲ್ಲ. ಮನುಷ್ಯರಿಲ್ಲದ ಕಥೆಯಲ್ಲಿ ಮನೆಯನ್ನ ಮನುಷ್ಯನ ಹಾಗೆ ಬರೆಯದೆ ಇನ್ನೇನು ಮಾಡ್ತೀರಾ? ಆ ಉಪಮೆಗಳೇ ಅಲ್ಲಿ ಪಾತ್ರಗಳು. 1950ರ ಮಾರ್ಶಿಯನ್ ಕ್ರಾನಿಕಲ್ಸ್ ಪುಸ್ತಕದಲ್ಲಿ ಇದೂ ಒಂದು ಅಧ್ಯಾಯ, ಅದರ ತಾರೀಕು ಆಗಸ್ಟ್ 2026, ಆಮೇಲಿನ ಕೆಲವು ಮುದ್ರಣಗಳಲ್ಲಿ ಎಲ್ಲ ತಾರೀಕನ್ನೂ 31 ವರ್ಷ ಮುಂದಕ್ಕೆ ತಳ್ಳಿದ್ರು.

ಬ್ರಾಡ್‌ಬರಿಗೆ ವಿಜ್ಞಾನ ಬರಲ್ಲ ಅನ್ನೋದಾದ್ರೆ ಅವನೇ ಒಪ್ಕೊಂಡಿದಾನೆ, ನಾನು ಬರೆದ ಸೈನ್ಸ್ ಫಿಕ್ಷನ್ ಅಂದ್ರೆ ಫ್ಯಾರನ್‌ಹೈಟ್ 451 ಒಂದೇ, ಉಳಿದಿದ್ದೆಲ್ಲ ಫ್ಯಾಂಟಸಿ ಅಂತ ಹೇಳ್ತಾನೇ ಇದ್ದ.

ಗುರುತ್ವ_ಶೂನ್ಯ

ಆ ಕಥೆ ಒಪ್ತೀನಿ. ಒಂದೇ ಕಥೆ ಒಪ್ತೀನಿ.

ಆದ್ರೆ ನಂಗೆ ಕ್ಲಾರ್ಕ್ ಸಾಕು. ಅವನಿಗೆ ಪಾತ್ರ ಬರೆಯೋಕೆ ಬರಲ್ಲ ಅಂತಾರೆ, ಹೌದು ಬರಲ್ಲ, ರಾಮದಲ್ಲಿ ಆ ಕ್ಯಾಪ್ಟನ್ ಮುಖ ಹೇಗಿದೆ ಅಂದ್ರೆ ನಂಗೆ ನೆನಪಿಲ್ಲ. 50 ಕಿಲೋಮೀಟರ್ ಉದ್ದದ ಸಿಲಿಂಡರ್ ಒಳಗೆ ಕತ್ತಲಲ್ಲಿ ಮೆಟ್ಟಿಲಿಳಿಯೋದು ಮಾತ್ರ ನಾನೇ ಇಳಿದ ಹಾಗೆ ನೆನಪಿದೆ, ಸಮುದ್ರ ತಲೆ ಮೇಲೆ ಬಾಗಿ ಹೋಗೋದು, ಯಾವುದು ಮೇಲೆ ಯಾವುದು ಕೆಳಗೆ ಅಂತ ತಲೆಗೆ ಒಪ್ಪಿಸೋಕೆ ಅವರು ಪಡೋ ಪಾಡು. ಕೊನೆಗೆ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಅಂತ ಕೆಲವರು ಬೈತಾರೆ, ಇಲಿನೂ ಸಿಗಲ್ಲ ಅನ್ನೋದೇ ಅಲ್ಲಿನ ಮಜಾ. ಕ್ಲಾರ್ಕ್ ದನಿ ಎತ್ತಲ್ಲ. 1953ರ ನೈನ್ ಬಿಲಿಯನ್ ನೇಮ್ಸ್ ಆಫ್ ಗಾಡ್ ಕೊನೆ ಸಾಲು ನೋಡಿ (ಓದಿಲ್ಲದೋರು ಇಲ್ಲಿಗೇ ಬಿಟ್ಟು ಮುಂದಿನ ರಿಪ್ಲೈಗೆ ಹೋಗಿ), ತಲೆ ಮೇಲೆ, ಯಾವ ಗಲಾಟೆನೂ ಇಲ್ಲದೆ, ನಕ್ಷತ್ರಗಳು ಆರಿಹೋಗ್ತಾ ಇದ್ವು. ಆ "ಯಾವ ಗಲಾಟೆನೂ ಇಲ್ಲದೆ" ಇದೆ ನೋಡಿ, ಅದು ತೆಗೆದ್ರೆ ಕಥೆ ಸತ್ತೋಯ್ತು. ಇದೇ ಜಾಗ ಬ್ರಾಡ್‌ಬರಿಗೆ ಕೊಟ್ಟಿದ್ರೆ ಅರ್ಧ ಪುಟ ಅತ್ತಿರ್ತಿದ್ದ.

ಓದುಬಾಕ27

ಬಾಗಿಲ ಆಟ ಸಖತ್ತಾಗಿದೆ, ಅದನ್ನ ಹಿಡ್ಕೊಂಡು ಫೌಂಡೇಶನ್ ಮತ್ತೆ ತಿರುವಿ ಹಾಕ್ದೆ. ಪ್ರತಿ ಭಾಗದ ತಲೆ ಮೇಲೆ ಎನ್‌ಸೈಕ್ಲೋಪೀಡಿಯಾ ಗ್ಯಾಲಕ್ಟಿಕಾ ಅನ್ನೋ ಕಾಲ್ಪನಿಕ ವಿಶ್ವಕೋಶದಿಂದ ಒಂದು ತುಣುಕು ಇರುತ್ತಲ್ಲ, ಹೊರಗಿನ ಪ್ರಪಂಚ ಪೂರ್ತಿ ಅದರೊಳಗೆ ತುರುಕಿಬಿಟ್ಟಿದಾನೆ, ಅದಕ್ಕೇ ರೂಮೊಳಗೆ ಬರೀ ಮಾತು. ಹರ್ಬರ್ಟ್‌ನ ಡ್ಯೂನ್‌ನಲ್ಲೂ ಹಾಗೇ ಅಧ್ಯಾಯದ ತಲೆ ಮೇಲೆ ರಾಜಕುಮಾರಿ ಇರುಲಾನ್ ಬರಹದ ತುಣುಕುಗಳಿವೆ, ಒಂದೇ ಟ್ರಿಕ್ ಅಂದ್ಕೊಂಡಿದ್ದೆ.

ಹಳೇಪೇಪರ್‌ಬ್ಯಾಕ್

ಟ್ರಿಕ್ ಒಂದೇ, ಕೆಲಸ ಬೇರೆ. ಅಸಿಮೋವ್ ತುಣುಕು ಮಾಹಿತಿ ಕೊಟ್ಟು ಸುಮ್ಮನಾಗುತ್ತೆ. ಹರ್ಬರ್ಟ್ ತುಣುಕು ನಿಮ್ಮನ್ನ ಕಾಯಿಸುತ್ತೆ, ಯಾರು ದ್ರೋಹ ಮಾಡ್ತಾರೆ ಅಂತ ಮೊದಲೇ ಹೇಳಿಬಿಟ್ಟು ಆಮೇಲೆ ಯಾವಾಗ ಮಾಡ್ತಾರೆ ಅಂತ ನೂರು ಪುಟ ಒದ್ದಾಡಿಸುತ್ತೆ. ಒಂದೇ ದೃಶ್ಯದಲ್ಲಿ ನಾಲ್ಕು ಜನರ ತಲೆಯೊಳಗೆ ಹೋಗಿ ಬರ್ತಾನೆ ಬೇರೆ, ಊಟದ ಮೇಜಲ್ಲಿ ಒಬ್ಬ ಏನು ಹೇಳ್ದ, ಪಕ್ಕದವಳು ಅದನ್ನ ಕೇಳಿ ಒಳಗೊಳಗೇ ಏನಂದ್ಕೊಂಡ್ಳು, ಎಲ್ಲ ಓರೆ ಅಕ್ಷರದಲ್ಲಿ. ಬರವಣಿಗೆ ಕ್ಲಾಸಲ್ಲಿ ಇದನ್ನ ಮಾಡ್ಬೇಡಿ ಅಂತಾರೆ, 1965ರಿಂದ ಜನ ಓದ್ತಾನೇ ಇದಾರೆ.

ಇರುಳುಗಣ್ಣು

ತಡವಾಗಿ ಬಂದೆ. ನಾನು ಹವ್ಯಾಸಕ್ಕೆ ಸ್ವಲ್ಪ ಅನುವಾದ ಮಾಡ್ತೀನಿ, ಪ್ರಕಟ ಮಾಡೋಕಲ್ಲ, ಡ್ರಾಯರ್‌ಗೆ ಹಾಕೋಕೆ. ಶೈಲಿ ಏನು ಅಂತ ನಂಗೆ ಗೊತ್ತಾಗಿದ್ದು ಅಲ್ಲೇ. ಅಸಿಮೋವ್‌ನ ಕನ್ನಡ ಮಾಡೋದು ಸರಾಗ, ಒಂದು ಪ್ಯಾರಾ ಒಂದು ಗುಟುಕಲ್ಲಿ ಆಗುತ್ತೆ, ಆ ಸಾದಾ ಗಾಜು ಯಾವ ಭಾಷೆಲಿ ಹಾಕಿದ್ರೂ ಗಾಜೇ. ಕಷ್ಟ ಶುರುವಾಗೋದು ಬೇರೆಯೋರ ಹತ್ರ.

ಹೈನ್‌ಲೈನ್‌ನ ದ ಮೂನ್ ಈಸ್ ಎ ಹಾರ್ಶ್ ಮಿಸ್ಟ್ರೆಸ್ ತಗೊಳ್ಳಿ, 1966ದು. ಕಥೆ ಹೇಳೋ ಮ್ಯಾನಿ ಚಂದ್ರನ ಮೇಲೆ ಹುಟ್ಟಿ ಬೆಳೆದವನು, ಅವನ ಇಂಗ್ಲಿಷ್‌ನಲ್ಲಿ ರಷ್ಯನ್ ಪದ ಬೆರೆತಿದೆ, "ದ", "ಎ" ಗಳನ್ನ ನುಂಗಿಬಿಡ್ತಾನೆ. ಮೊದಲ ಪುಟದಲ್ಲೇ ಇವನು ಬೇರೆ ಜಾಗದವನು, ಬೇರೆ ಬೇರೆ ದೇಶದಿಂದ ಗಡೀಪಾರಾದೋರ ಊರಿನವನು ಅಂತ ಕಿವಿಗೇ ಗೊತ್ತಾಗುತ್ತೆ, ವಿವರಣೆನೇ ಬೇಕಿಲ್ಲ. ಕನ್ನಡದಲ್ಲಿ ಆರ್ಟಿಕಲ್ಲೇ ಇಲ್ಲ, ನುಂಗೋದು ಏನನ್ನ? ಮೂರು ಪುಟ ಒದ್ದಾಡಿ ವಿಭಕ್ತಿ ಪ್ರತ್ಯಯ ನುಂಗಿ ನೋಡ್ದೆ, ಹಲ್ಲಿಲ್ಲದೋನು ಮಾತಾಡಿದ ಹಾಗಾಯ್ತು, ಬಿಟ್ಟೆ. ಡಿಕ್ ಕೂಡ ಮ್ಯಾನ್ ಇನ್ ದ ಹೈ ಕ್ಯಾಸಲ್‌ನಲ್ಲಿ ಇಂಥದ್ದೇ ಮಾಡಿದಾನೆ, ಜಪಾನೀಯರ ಆಳ್ವಿಕೆಯಲ್ಲಿರೋ ಅಮೆರಿಕನ್ನರು ಯೋಚನೆ ಮಾಡೋದು ಕೂಡ ತುಂಡು ತುಂಡು ಇಂಗ್ಲಿಷ್‌ನಲ್ಲಿ, ಆಳೋರ ಭಾಷೆ ತಲೆಯೊಳಗೆ ಇಳಿದುಬಿಟ್ಟಿದೆ. ಮೇಲೆ ಯಾರೋ ಡಿಕ್ ವಾಕ್ಯಗಳಲ್ಲಿ ವಿಶೇಷ ಇಲ್ಲ ಅಂದ್ರಲ್ಲ, ಆ ಪುಸ್ತಕಕ್ಕೆ ಆ ಮಾತು ನಿಲ್ಲಲ್ಲ.

ಇನ್ನು ಲೆ ಗ್ವಿನ್. ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್, 1969. ಗೆಥೆನ್ ಗ್ರಹದ ಜನಕ್ಕೆ ಗಂಡು ಹೆಣ್ಣು ಅಂತ ಕಾಯಂ ಇಲ್ಲ, ತಿಂಗಳಲ್ಲಿ ಕೆಲವು ದಿನ ಮಾತ್ರ ಯಾವುದೋ ಒಂದಾಗ್ತಾರೆ. ಲೆ ಗ್ವಿನ್ ಅವರೆಲ್ಲರಿಗೂ "ಹೀ" ಅಂತಲೇ ಬಳಸಿದ್ರು. "ದ ಕಿಂಗ್ ವಾಸ್ ಪ್ರೆಗ್ನೆಂಟ್" ಅನ್ನೋ ಫೇಮಸ್ ಸಾಲು ಗೊತ್ತಲ್ಲ, ಇಂಗ್ಲಿಷ್‌ನಲ್ಲಿ ಕಿಂಗ್ ಅನ್ನೋ ಒಂದು ಪದದ ಮೇಲೆ ಇಡೀ ಪೆಟ್ಟು ನಿಂತಿದೆ, ಕ್ರಿಯಾಪದ ಸುಮ್ನಿದೆ. ಕನ್ನಡಕ್ಕೆ ತಂದು ನೋಡಿ: "ದೊರೆ ಬಸುರಿಯಾಗಿದ್ದ". ಬಸುರಿ ಅನ್ನೋದು ಹೆಣ್ಣು, ಆಗಿದ್ದ ಅನ್ನೋದು ಗಂಡು, ಒಂದೇ ಪದದೊಳಗೆ ಎರಡೂ ಗುದ್ದಾಡ್ತಿವೆ, ಇಂಗ್ಲಿಷ್‌ಗಿಂತ ಜೋರು ಪೆಟ್ಟು! ಆದ್ರೆ ನಮಗೆ ಇನ್ನೊಂದು ದಾರಿನೂ ಇದೆಯಲ್ಲ, "ದೊರೆಯವರು ಬಸುರಾಗಿದ್ದರು". ಯಾವ ಗುದ್ದಾಟನೂ ಇಲ್ಲ, ಗಂಡೋ ಹೆಣ್ಣೋ ಗೊತ್ತೂ ಆಗಲ್ಲ, ಇಂಗ್ಲಿಷ್‌ನಲ್ಲಿ ಅವರು ಹುಡುಕ್ತಿದ್ದ ಸರ್ವನಾಮ ನಮ್ಮ ಹತ್ರ ಬಿಟ್ಟಿ ಬಿದ್ದಿದೆ. ಆದ್ರೆ ಸಾಲು ಸತ್ತುಹೋಯ್ತು, ಅರಮನೆ ಪ್ರಕಟಣೆ ಥರ ಆಯ್ತು. ಎಲ್ಲರಿಗೂ "ಅವರು" ಅಂತ ಹಾಕಿದ್ರೆ ಇನ್ನೊಂದು ಫಜೀತಿ, ಗೆಥೆನ್‌ನಲ್ಲಿ ಮಾನ ಮರ್ಯಾದೆ ಅನ್ನೋದೇ ರಾಜಕೀಯ, ಯಾರು ಯಾರಿಗೆ ತಗ್ಗಿದ್ರು ಅನ್ನೋದ್ರ ಮೇಲೆ ಕಥೆ ನಡೆಯುತ್ತೆ, ಅಲ್ಲಿ ಬಹುವಚನ ಸುಮ್ಸುಮ್ನೆ ಹಂಚೋಕಾಗಲ್ಲ.

ಲೆ ಗ್ವಿನ್‌ಗೂ ಇದು ಕೊರೀತಾನೇ ಇತ್ತು. 1976ರ ಪ್ರಬಂಧದಲ್ಲಿ "ಹೀ" ಬಳಸಿದ್ದನ್ನ ಸಮರ್ಥಿಸಿಕೊಂಡ್ರು, 1987ರಲ್ಲಿ ಅದೇ ಪ್ರಬಂಧದ ಪಕ್ಕ ಟಿಪ್ಪಣಿ ಬರೆದು ತಪ್ಪು ಅಂತ ಒಪ್ಕೊಂಡ್ರು. ಅದೇ ಗ್ರಹದ ವಿಂಟರ್ಸ್ ಕಿಂಗ್ ಕಥೆಯನ್ನ 1975ರ ಸಂಕಲನಕ್ಕೆ ಹಾಕುವಾಗ ಎಲ್ಲರಿಗೂ "ಶೀ" ಮಾಡಿದ್ರು, ರಾಜ ಅನ್ನೋ ಪದ ಮಾತ್ರ ಹಾಗೇ ಉಳಿಸಿ. ಒಂದು ಸರ್ವನಾಮದ ಜೊತೆ ಇಷ್ಟು ವರ್ಷ ಜಗಳ ಆಡಿದಾರೆ, ಐಡಿಯಾ ತಗೊಂಡು ಮುಂದೆ ಹೋಗು ಅನ್ನೋ ನಿಮ್ಮ ಫ್ರೆಂಡ್‌ಗೆ ಇದನ್ನ ಹೇಳಿ. ಅಲ್ಲಿ ಐಡಿಯಾ ಇರೋದೇ ಆ ಸರ್ವನಾಮದಲ್ಲಿ.

ಚುಕ್ಕಿಲೆಕ್ಕ

ಅನುವಾದದ ಮಾತು ಬಂದಿದ್ದಕ್ಕೆ, ಲೆಮ್ ಬಗ್ಗೆ ಹುಷಾರು. ಅವನ ಸೊಲಾರಿಸ್ ಕಾದಂಬರಿ ಅಂತ ಇಂಗ್ಲಿಷ್‌ನಲ್ಲಿ ಜನ ಓದ್ತಿರೋದು 1970ರ ಅನುವಾದ, ಅದು ಪೋಲಿಷ್‌ನಿಂದ ಬಂದಿದ್ದೇ ಅಲ್ಲ, ಫ್ರೆಂಚ್ ಅನುವಾದದಿಂದ ಮಾಡಿದ್ದು. ಹಾರಿ ಅನ್ನೋ ಹೆಸರು ರೇಯಾ ಆಗಿದೆ, ಸ್ನಾವುಟ್ ಅನ್ನೋನು ಸ್ನೋ ಆಗಿದಾನೆ. ಇಂಗ್ಲಿಷ್ ಓದೋಕೆ ಬರ್ತಿದ್ದ ಲೆಮ್‌ಗೂ ಅದು ಸಮಾಧಾನ ಇರಲಿಲ್ಲ. ನೇರ ಪೋಲಿಷ್‌ನಿಂದ ಬಂದಿದ್ದು 2011ರಲ್ಲಿ, ಬಿಲ್ ಜಾನ್‌ಸ್ಟನ್ ಮಾಡಿದ್ದು. ನಾನು ಹಳೇದನ್ನ ಓದಿ ಲೆಮ್ ಶೈಲಿ ಮಂಕು ಅಂತ ವರ್ಷಗಟ್ಟಲೆ ಹೇಳ್ಕೊಂಡು ತಿರುಗಿದೀನಿ, ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ.

ಓದುಬಾಕ27

ಎಲ್ಲರಿಗೂ ಥ್ಯಾಂಕ್ಸ್, ಫ್ರೆಂಡ್‌ಗೆ ಈ ಥ್ರೆಡ್ಡೇ ಕಳಿಸ್ತೀನಿ. @ಇರುಳುಗಣ್ಣು ನಿಮ್ಮದು ಓದಿದ ಮೇಲೆ ಸುಮ್ನೆ ಕೂತು "ದ ಡೋರ್ ಡೈಲೇಟೆಡ್" ಕನ್ನಡ ಮಾಡೋಕೆ ಹೋದೆ. "ಬಾಗಿಲು ಹಿಗ್ಗಿತು" ಅಂತ ಬರೆದೆ. ಓದಿದ್ರೆ ಬಾಗಿಲಿಗೆ ಏನೋ ಖುಷಿಯಾದ ಹಾಗಿದೆ 🙈 "ಅರಳಿತು" ಅಂದ್ರೆ ಹೂವಾಗುತ್ತೆ.

ಇರುಳುಗಣ್ಣು

ಹಹಹ, "ಅಗಲಿತು" ಅಂತ ಮಾತ್ರ ಬರೀಬೇಡಿ, ಸತ್ತೋಯ್ತು ಅಂದ್ಕೋತಾರೆ.

ಗುರುತ್ವ_ಶೂನ್ಯ

ಹೈನ್‌ಲೈನ್ ಬಾಗಿಲು ಕನ್ನಡಕ್ಕೆ ಬಂದ್ರೆ ಬ್ರಾಡ್‌ಬರಿ ಬಾಗಿಲಾಗುತ್ತೆ ಅಂತ ಆಯ್ತು. ನಾನು ಕ್ಲಾರ್ಕ್ ಜೊತೆನೇ ಇರ್ತೀನಿ, "ಬಾಗಿಲು ತೆರೆಯಿತು, ಅಗಲ ಎರಡು ಮೀಟರ್".